ಹೇಳಿಕೊಡದೆ ಬಂದ ವಿದ್ಯೆ

ಪತಂಗವೊಂದು ಕಾರು ಓಡಿಸಿದೆ ಎಂದರೆ ನಂಬುತ್ತೀರಾ? ನಂಬಲೇಬೇಕು. ಟೋಕಿಯೊ ವಿಶ್ವವಿದ್ಯಾಲಯದ ನೊರಿಯಾಸು ಆಂಡೊ, ಶುಹೇ ಎಮೊಟೊ, ರ್ಯೋಹೇ ಕಂಜಾಕಿ ಎಂಬ ಮೂವರು 2013ರಲ್ಲಿ ಅದನ್ನು ಮಾಡಿ ತೋರಿಸಿದರು. ಒಂದು ಪುಟ್ಟ ಮೋಟಾರು ಗಾಡಿ. ಅದರ ನೆತ್ತಿಯಲ್ಲಿ ಗಾಳಿಯ ಒತ್ತಡದಿಂದ ಹಗುರಾಗಿ ಎದ್ದು ನಿಂತ ಥರ್ಮೋಕೋಲ್ ಚೆಂಡು. ಚೆಂಡಿನ ಮೇಲೆ, ಬೆನ್ನನ್ನು ಕಡ್ಡಿಯೊಂದಕ್ಕೆ ಅಂಟಿಸಿ ನಿಲ್ಲಿಸಿದ ಗಂಡು ಪತಂಗ. ಅದು ಹೆಜ್ಜೆಯಿಟ್ಟರೆ ಕಾಲಡಿಯ ಚೆಂಡು ಉರುಳುತ್ತದೆ. ಕಂಪ್ಯೂಟರ್ ಮೌಸಿನ ಹೊಟ್ಟೆಯಲ್ಲಿರುವಂಥ ಸೆನ್ಸರು ಆ ಉರುಳುವಿಕೆಯನ್ನು ಓದಿ ಚಕ್ರಗಳಿಗೆ ದಾಟಿಸುತ್ತದೆ. ಪತಂಗ ಎಡಕ್ಕೆ ಹೊರಳಿದರೆ ಗಾಡಿಯೂ ಎಡಕ್ಕೆ, ಬಲಕ್ಕೆ ಹೊರಳಿದರೆ ಗಾಡಿಯೂ ಬಲಕ್ಕೆ! ಎದುರಿನಿಂದ ಬೀಸುವ ಗಾಳಿಯಲ್ಲಿ ಹೆಣ್ಣಿನ ವಾಸನೆಯ ಒಂದು ಎಳೆ. ಹದಿನಾಲ್ಕು ಪತಂಗಗಳನ್ನು ಒಂದೊಂದಾಗಿ ಹತ್ತಿಸಿದರು. ಹದಿನಾಲ್ಕೂ ವಾಸನೆಯ ಮೂಲಕ್ಕೆ ಗಾಡಿಯನ್ನು ತಂದು ನಿಲ್ಲಿಸಿದವು.

ಸಂಶೋಧಕರು ಅಷ್ಟಕ್ಕೆ ಬಿಡಲಿಲ್ಲ. ಗಾಡಿ ತಾನಾಗಿಯೇ ಒಂದು ಪಕ್ಕಕ್ಕೆ ಎಳೆಯುವಂತೆ ಮಾಡಿದರು. ಪತಂಗ ಅದಕ್ಕೆ ಎದುರಾಗಿ ಹೊರಳಿ ಹೊರಳಿ ದಾರಿ ತಿದ್ದಿಕೊಂಡಿತು. ಅಲ್ಲ ಸ್ವಾಮಿ, ಇದರ ತಲೆಯಲ್ಲಿರುವ ಮಿದುಳು ಎಷ್ಟು ದೊಡ್ಡದು? ಸಣ್ಣದೊಂದು ಕಾಳಿನಷ್ಟಿದ್ದೀತು.

ಈಗ ನಿಜವಾದ ಬೆರಗು. ಈ ಚಾಲಕ ಯಾವುದೋ ದೂರದ ಕಾಡಿನ ಅಪರೂಪದ ಜೀವಿಯಲ್ಲ. ರಾಮನಗರದ ಗೂಡಿನ ಮಾರುಕಟ್ಟೆಗೆ ದಿನಬೆಳಗಾದರೆ ಕ್ರೇಟುಗಳಲ್ಲಿ ಬಂದು ಸುರಿಯುತ್ತದಲ್ಲ, ಆ ಗೂಡಿನೊಳಗೆ ಮಲಗಿರುವುದೇ ಇದು. ಬಾಂಬಿಕ್ಸ್ ಮೋರಿ, ನಮ್ಮ ರೇಷ್ಮೆ ಹುಳು. ಶಿಡ್ಲಘಟ್ಟ, ಚನ್ನಪಟ್ಟಣ, ಕೋಲಾರದ ಕಡೆ ಮನೆಮನೆಯ ಮಾತು. ಟಿಪ್ಪುವಿನ ಕಾಲದಿಂದ ಈ ನೆಲದಲ್ಲಿ ಸೊಪ್ಪು ತಿನ್ನುತ್ತಿರುವ ಪ್ರಾಣಿ. ಕೀಟಗಳ ಹುಟ್ಟುಗುಣವೆಂದರೇನು ಎಂಬ ಪ್ರಶ್ನೆಗೆ ಜಗತ್ತಿನ ವಿಜ್ಞಾನಿಗಳಿಗೆ ಇಷ್ಟು ಬಿಡಿಬಿಡಿಯಾಗಿ ಉತ್ತರ ಕೊಟ್ಟ ಕೀಟಗಳು ಬೆರಳೆಣಿಕೆಯಷ್ಟೇ ಎಂದು ನನ್ನ ಎಣಿಕೆ.

ಯಾಕೆ ಇದೇ ಆಗಬೇಕಿತ್ತು? ಚೀನಾದಲ್ಲಿ ಮನುಷ್ಯ ಇದನ್ನು ಪಳಗಿಸಿ ಸುಮಾರು 5000 ವರ್ಷವಾಯಿತು. ಅಷ್ಟರಲ್ಲಿ ಇದು ಹಾರುವುದನ್ನು ಬಿಟ್ಟಿತು. ಹುಳುವಾಗಿರುವಾಗ ಮೇವು ಹುಡುಕಿಕೊಂಡು ಅಲೆಯುವುದನ್ನೂ ಬಿಟ್ಟಿತು. ಕಾಡು ಬಣ್ಣ ಹೋಗಿ ಬೆಳ್ಳಗಾಯಿತು. ಹೆದರಿಕೆ ಹೋಯಿತು. ಇಷ್ಟೆಲ್ಲ ಉದುರಿದ ಮೇಲೂ ಉಳಿದ ವರ್ತನೆಗಳು ಅಚ್ಚುಕಟ್ಟಾಗಿ, ಒಂದರ ಪಕ್ಕ ಒಂದು, ನೋಡುವವರ ಕಣ್ಣಿಗೆ ಎದ್ದು ಕಾಣುವಂತೆ ಉಳಿದವು. ಇನ್ನೊಂದು ಕಾರಣವೂ ಉಂಟು. ಇದಕ್ಕೆ ಯಾರೂ ಏನೂ ಕಲಿಸುವಂತಿಲ್ಲ! ಮೊಟ್ಟೆಯಿಟ್ಟ ತಾಯಿ ಮರಿ ಹೊರಬರುವ ಹೊತ್ತಿಗೆ ಸತ್ತಿರುತ್ತಾಳೆ. ತಂದೆಯ ಕಥೆಯೂ ಅದೇ. ಅಕ್ಕಪಕ್ಕದವರೆಲ್ಲ ಒಂದೇ ವಯಸ್ಸಿನ ಅನನುಭವಿಗಳು. ಆದರೂ ಪ್ರತಿಯೊಂದೂ ಹೊತ್ತುಹೊತ್ತಿಗೆ ಮಾಡಬೇಕಾದ್ದನ್ನು ತಪ್ಪದೆ ಮಾಡುತ್ತದೆ. ಹಾಗಾದರೆ ಅದನ್ನು ಮಾಡಿಸುತ್ತಿರುವುದು ಏನು? ಒಂದೊಂದು ವರ್ತನೆಯೂ ಒಂದೊಂದು ಬೀಗ, ಹೊರಗಿನ ಜಗತ್ತಿನಲ್ಲೆಲ್ಲೋ ಅದರ ಕೀಲಿಕೈ ಇದೆ. ಬೆಳಕು, ಬಿಸಿ, ಎಲೆಯ ಘಮ, ಏರುವ ದಿಕ್ಕು, ಒಂದು ಅಣು. ನೂರು ವರ್ಷಕ್ಕೂ ಮಿಕ್ಕಿ ನಡೆದ ಈ ಹುಡುಕಾಟದಲ್ಲಿ ಸಿಕ್ಕಿದ ಕೀಲಿಕೈಗಳಲ್ಲಿ ಕೆಲವನ್ನು ಇಲ್ಲಿ ನೋಡೋಣ.

ಮೊದಲನೆಯದು ನಮ್ಮ ರೈತರ ಕೈಯಲ್ಲೇ ಇದೆ. ಚಾಕಿ, ಅಂದರೆ ಎಳೆಯ ಹುಳು, ಸಾಕುವವರನ್ನು ಕೇಳಿ. ಮೊಟ್ಟೆಯೊಳಗೆ ಮರಿಯ ತಲೆ ಕಪ್ಪು ಚುಕ್ಕೆಯಾಗಿ ಕಾಣಿಸಿಕೊಂಡಾಗ, ಮೊಟ್ಟೆಗಳನ್ನು ಕಪ್ಪು ಕಾಗದದಲ್ಲಿ ಸುತ್ತಿಯೋ ಕಪ್ಪು ಪೆಟ್ಟಿಗೆಯಲ್ಲಿಟ್ಟೋ ಎರಡು ದಿನ ಕತ್ತಲಲ್ಲಿ ಇಡುತ್ತಾರೆ. ಮುಂದಿದ್ದ ಮರಿಗಳು ಕತ್ತಲಲ್ಲಿ ತಡೆದು ಕಾಯುತ್ತವೆ, ಹಿಂದಿದ್ದವು ಬೆಳೆದು ಸಮಕ್ಕೆ ಬರುತ್ತವೆ. ಮೂರನೆಯ ಬೆಳಗ್ಗೆ ಕಾಗದ ಬಿಚ್ಚಿ ಬೆಳಕಿಗೆ ಒಡ್ಡಿದರೆ, ನೋಡನೋಡುತ್ತಿದ್ದಂತೆ ಚಿಪ್ಪು ಕೊರೆದು ಸಾವಿರ ಸಾವಿರ ಕರಿಯ ಎಳೆಗಳು ಒಟ್ಟಿಗೆ ಹೊರಗೆ! ಒಟ್ಟಿಗೆ ಹುಟ್ಟಿದರೆ ಒಟ್ಟಿಗೆ ಪೊರೆ ಕಳಚುವ ಜ್ವರಕ್ಕೆ ಕೂರುತ್ತವೆ, ಒಟ್ಟಿಗೆ ಗೂಡು ಕಟ್ಟಲು ಹಣ್ಣಾಗುತ್ತವೆ, ಸಾಕುವವರ ಅರ್ಧ ಹೆಣಗಾಟ ತಪ್ಪುತ್ತದೆ. ಬೆಳಕನ್ನು ತಡೆದು, ಬೆಳಕನ್ನು ಕೊಟ್ಟು, ಒಂದು ಜೀವಿಯ ಹುಟ್ಟಿನ ಗಳಿಗೆಯನ್ನೇ ನಿಗದಿ ಮಾಡುವುದೆಂದರೆ ಸಣ್ಣ ಪ್ರಯೋಗವೇ? ಕೀಟ ವರ್ತನೆಯ ಪಾಠವನ್ನು ಇಷ್ಟು ನಿತ್ಯದ ಕೆಲಸವಾಗಿಸಿಕೊಂಡವರು ತಮ್ಮನ್ನು ವಿಜ್ಞಾನಿಗಳೆಂದು ಕರೆದುಕೊಳ್ಳುವುದಿಲ್ಲ, ಅಷ್ಟೇ.

ಹುಟ್ಟಿದ ಮರಿ ಬೆಳಕಿನತ್ತ ಹರಿಯುತ್ತದೆ. ಈ ಸೆಳೆತ ಎಷ್ಟು ಬಲವಾದದ್ದಿರಬಹುದು ಎಂಬುದನ್ನು ಬೇರೊಂದು ಪತಂಗದ ಮರಿಗಳಲ್ಲಿ ತೋರಿಸಿದವನು ಜರ್ಮನಿಯಲ್ಲಿ ಹುಟ್ಟಿದ ಜಾಕ್ ಲೋಬ್. 1890ರ ಸುಮಾರಿನ ಮಾತು. ಆ ಮರಿಗಳು ಚಳಿಗಾಲ ಕಳೆದು ಗೂಡಿನಿಂದ ಹೊರಬಂದಾಗ ಕೊಂಬೆಯ ತುದಿಗೆ ಏರುತ್ತವೆ, ಅಲ್ಲಿ ಚಿಗುರು ಒಡೆದಿರುತ್ತದೆ. ಹಸಿವಿನ ಬುದ್ಧಿಯೇ ಅಲ್ಲಿಗೆ ಕರೆದೊಯ್ಯುತ್ತದೆ ಅನ್ನಿಸುತ್ತದೆ. ಲೋಬ್ ಅವನ್ನು ಗಾಜಿನ ನಳಿಗೆಯಲ್ಲಿ ಹಾಕಿ, ಒಂದು ತುದಿಯನ್ನು ಕಿಟಕಿಗೆ ತಿರುಗಿಸಿ, ಇನ್ನೊಂದು ತುದಿಯಲ್ಲಿ ಎಲೆ ಇಟ್ಟ. ಮರಿಗಳು ಬೆಳಕಿನ ತುದಿಯಲ್ಲೇ ಗುಂಪುಗಟ್ಟಿ ಕುಳಿತವು. ಬೆನ್ನ ಹಿಂದೆ ಊಟವಿದ್ದರೂ ಅಲ್ಲೇ ಹಸಿದು ಸತ್ತವು. ಹೊಟ್ಟೆ ತುಂಬಿದ ಮರಿಗಳಿಗೆ ಮಾತ್ರ ಬೆಳಕಿನ ಗೊಡವೆ ಇರಲಿಲ್ಲ. ಓದಿದಾಗ ಮೈ ಜುಮ್ಮೆಂದಿತು. ಕಾಡಿನಲ್ಲಿ ಬೆಳಕಿರುವ ಕಡೆ ಚಿಗುರಿರುತ್ತದೆ, ಹಾಗಾಗಿ ಬೆಳಕೊಂದನ್ನು ಹಿಡಿದು ಹೋದರೆ ಸಾಕು. ಗಾಜಿನ ನಳಿಗೆ ಎದುರಾಗಬಹುದು ಎಂದು ಯಾವ ಹುಳುವಿನ ವಂಶಕ್ಕೂ ಗೊತ್ತಿರಲಿಲ್ಲ.

ಮೊಟ್ಟೆಯನ್ನು ಬಿಟ್ಟು ಮುಂದೆ ಹೋಗುವ ಮುಂಚೆ ಇನ್ನೊಂದು ಸಂಗತಿ ಹೇಳದಿದ್ದರೆ ನನಗೆ ಸಮಾಧಾನವಿಲ್ಲ. ವರ್ಷಕ್ಕೆ ಎರಡು ಪೀಳಿಗೆಯ ದ್ವಿತಳಿ ಹುಳುಗಳಲ್ಲಿ ಕೆಲವು ತಾಯಂದಿರು ಇಟ್ಟ ಮೊಟ್ಟೆ ಹತ್ತು ದಿನಕ್ಕೇ ಒಡೆಯುತ್ತದೆ, ಕೆಲವರ ಮೊಟ್ಟೆ ತಿಂಗಳುಗಟ್ಟಲೆ ನಿದ್ದೆಗೆ ಬೀಳುತ್ತದೆ. ಯಾವುದು ಏನಾಗಬೇಕೆಂಬುದು ತೀರ್ಮಾನವಾಗುವುದು ಯಾವಾಗ? ಆ ತಾಯಿ ತಾನೇ ಮೊಟ್ಟೆಯೊಳಗಿದ್ದಾಗ! ಅವಳು ಮೊಟ್ಟೆಯಾಗಿದ್ದ ದಿನಗಳಲ್ಲಿ ಸುಮಾರು 25 ಡಿಗ್ರಿ ಬಿಸುಪು, ಬೆಳಕು ಕಂಡಿದ್ದರೆ ಅವಳ ಮೊಟ್ಟೆಗಳು ಮಲಗುತ್ತವೆ. ಸುಮಾರು 15 ಡಿಗ್ರಿ ತಂಪು, ಕತ್ತಲು ಕಂಡಿದ್ದರೆ ಅವಳ ಮೊಟ್ಟೆಗಳು ಕೂಡಲೇ ಒಡೆಯುತ್ತವೆ. ನಡುವೆ ಅವಳು ಹುಳುವಾಗಿ ನಾಲ್ಕು ಜ್ವರ ದಾಟಿರುತ್ತಾಳೆ, ಕೋಶವಾಗಿ ಒಳಗೆಲ್ಲ ಕರಗಿ ಮರುಕಟ್ಟಿಕೊಂಡಿರುತ್ತಾಳೆ. ಆದರೂ ಮೊಟ್ಟೆಯೊಳಗಿನ ಆ ಬೆಚ್ಚನೆಯ ನೆನಪು ಉಳಿದು ಮಕ್ಕಳ ಕಾಲವನ್ನು ನಿರ್ಧರಿಸುತ್ತದೆ. ಹೀಗೆ ಮಲಗಿದ ಮೊಟ್ಟೆಗಳನ್ನೇ ರೈತರಿಗೆ ಮೊಟ್ಟೆ ಒದಗಿಸುವ ನಮ್ಮ ಬಿತ್ತನೆ ಕೋಠಿಗಳಲ್ಲಿ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಅದ್ದಿ ಎಬ್ಬಿಸುವುದು. ಮೈಸೂರು ತಳಿಯಲ್ಲಿ ಈ ನಿದ್ದೆಯ ತಂಟೆಯೇ ಇಲ್ಲ, ವರ್ಷಪೂರ್ತಿ ಒಂದರ ಮೇಲೊಂದು ಬೆಳೆ.

ಇನ್ನು ಸೊಪ್ಪಿನ ವಿಚಾರ. ರೇಷ್ಮೆ ಹುಳು ಹಿಪ್ಪುನೇರಳೆ ಬಿಟ್ಟರೆ ಮತ್ತೊಂದನ್ನು ಮುಟ್ಟದು ಎಂಬುದು ಹಳ್ಳಿಯ ಮಗುವಿಗೂ ಗೊತ್ತು. ಯಾಕೆ ಮುಟ್ಟದು? ಜಪಾನಿನ ಯಸುಜಿ ಹಮಾಮುರ ಎಂಬ ಪಟ್ಟುಬಿಡದ ಮನುಷ್ಯ ವರ್ಷಗಟ್ಟಲೆ ಹಿಪ್ಪುನೇರಳೆ ಎಲೆಯನ್ನು ರಾಸಾಯನಿಕವಾಗಿ ಬಿಡಿಸುತ್ತ ಕುಳಿತರು. 1960ರ ಹೊತ್ತಿಗೆ ಅವರ ಕೈಗೆ ಬಂದ ಉತ್ತರ ಒಂದಲ್ಲ, ಮೂರು. ಎಲೆಯಲ್ಲಿ ಕೆಲವು ವಸ್ತುಗಳಿವೆ, ಅವು ಹುಳುವನ್ನು ಬರೀ ಕರೆಯುತ್ತವೆ: ಸಿಟ್ರಾಲ್, ಲಿನಲೂಲ್‌ನಂಥ ಘಮದ ಅಣುಗಳು. ಬಂದ ಹುಳು ಅಷ್ಟಕ್ಕೇ ಬಾಯಿ ಹಾಕುವುದಿಲ್ಲ. ಕಚ್ಚಬೇಕಾದರೆ ಬೇರೆ ವಸ್ತು ಬೇಕು: ಬೀಟಾ-ಸಿಟೊಸ್ಟೆರಾಲ್, ಐಸೊಕ್ವೆರ್ಸಿಟ್ರಿನ್. ಕಚ್ಚಿದ ಮೇಲೂ ನುಂಗಬೇಕಾದರೆ ಮತ್ತೊಂದು ಬೇಕು, ಅದು ಎಲೆಯ ನಾರೇ ಆದ ಸೆಲ್ಯುಲೋಸ್. ಸಕ್ಕರೆ, ಫಾಸ್ಫೇಟ್, ಸಿಲಿಕಾ ಅದಕ್ಕೆ ಒತ್ತಾಸೆ. ಬಾ, ಕಚ್ಚು, ನುಂಗು. ನಾವು ಒಂದೇ ಕೆಲಸವೆಂದುಕೊಂಡಿದ್ದ ಊಟದಲ್ಲಿ ಮೂರು ಬೀಗಗಳಿದ್ದವು! ಹಿಪ್ಪುನೇರಳೆ ಎಲೆಯೇ ಬೇಡ, ಈ ವಸ್ತುಗಳನ್ನು ಅಗರ್‌ನಲ್ಲಿ ಕಲಸಿ ಕೊಟ್ಟರೆ ಹುಳು ಅದನ್ನು ಎಲೆಯೆಂದೇ ಮೇಯುತ್ತದೆ. ಇಂದು ಚಾಕಿ ಹುಳುಗಳಿಗೆ ಕೃತಕ ಆಹಾರ ಕೊಡುವ ವಿದ್ಯೆಯ ಬೇರು ಇಲ್ಲಿದೆ.

2009ರಲ್ಲಿ ಇನ್ನೊಂದು ಸೇರಿತು. ಹಿಪ್ಪುನೇರಳೆ ಎಲೆ ಹೊರಸೂಸುವ ವಾಸನೆಗಳಲ್ಲಿ ಹುಳುವನ್ನು ಅತಿ ಕಡಿಮೆ ಪ್ರಮಾಣದಲ್ಲೇ ಸೆಳೆಯುವುದು ಸಿಸ್-ಜಾಸ್ಮೋನ್ ಎಂಬ ಅಣು ಎಂದು ಜಪಾನಿನ ತಂಡವೊಂದು ಕಂಡುಕೊಂಡಿತು. ಅದನ್ನು ಹಿಡಿಯುವ ಗ್ರಾಹಕ ಪ್ರೋಟೀನು ಯಾವುದೆಂದೂ ಗುರುತಿಸಿತು. ಜಾಸ್ಮೋನ್ ಎಂಬ ಹೆಸರು ಕೇಳಿದರೇ ತಿಳಿಯಬೇಕು, ಮಲ್ಲಿಗೆಯ ಬಳಗದ ಹೂಗಳ ಪರಿಮಳದಲ್ಲಿರುವುದೂ ಇದೇ ಅಣು. ನಾವು ಮುಡಿಯುವುದು, ಅದು ಮೇಯಲು ಹೊರಡುವುದು, ಎರಡೂ ಒಂದೇ ಘಮಕ್ಕೆ.

ಕರೆಯುವ ಕೀಲಿಕೈ ಇರುವಂತೆ ತಡೆಯುವ ಬೀಗವೂ ಇರಬೇಕಲ್ಲವೆ? ಹುಳುವಿನ ಬಾಯಿಯ ಪಕ್ಕದಲ್ಲಿ ರುಚಿ ನೋಡುವ ಪುಟ್ಟ ಅಂಗಗಳಿವೆ. ಅವನ್ನು ತೆಗೆದುಹಾಕಿದರೆ ಹುಳು ಎಲೆಕೋಸಿನಂಥ ಪರಕೀಯ ಎಲೆಗೂ ಬಾಯಿ ಹಾಕುತ್ತದೆಂದು ಹಿಂದೆಯೇ ಗೊತ್ತಿತ್ತು. ಅಂದರೆ ಬೇಡವೆನ್ನುವ ಸುದ್ದಿ ಅಲ್ಲಿಂದ ಹೋಗುತ್ತಿದೆ. 2019ರಲ್ಲಿ ಚೀನಾದ ವಿಜ್ಞಾನಿಗಳು ಕ್ರಿಸ್ಪರ್ ಎಂಬ ಜೀನು ಕತ್ತರಿಯಿಂದ ಜಿಆರ್66 ಎಂಬ ಒಂದೇ ಒಂದು ರುಚಿ ಗ್ರಾಹಕದ ಜೀನನ್ನು ಕೆಡಿಸಿದರು. ಮರಿಗಳು ಹಿಪ್ಪುನೇರಳೆಯನ್ನು ತಿಂದವು, ಸೇಬನ್ನೂ ತಿಂದವು, ಪಿಯರ್ ಹಣ್ಣು, ಸೋಯಾ ಕಾಳನ್ನೂ ತಿಂದವು! ಸಾವಿರಾರು ವರ್ಷಗಳ ಮಡಿ ಒಂದು ಜೀನಿನ ಮೇಲೆ ನಿಂತಿತ್ತು. ಸುದ್ದಿ ಕೇಳಿದ ರೈತ ಮಿತ್ರರೊಬ್ಬರು, ಹಾಗಾದರೆ ಸೊಪ್ಪಿನ ತೋಟ ಕಿತ್ತು ಸೇಬು ಹಾಕೋಣವೇ ಎಂದರು. ಸೇಬಿನ ಬೆಲೆ ನೋಡಿದರೆ ಸೊಪ್ಪೇ ವಾಸಿ.

ಜ್ವರಗಳನ್ನು ಇಲ್ಲಿ ಬೇಗ ದಾಟೋಣ. ಐದು ಹಂತ, ನಾಲ್ಕು ಜ್ವರ, ಸುಮಾರು 25 ದಿನ, ಹುಟ್ಟಿದಾಗಿನ ತೂಕದ ಹತ್ತು ಸಾವಿರ ಪಟ್ಟು ಬೆಳವಣಿಗೆ. ಆಮೇಲೆ ಒಂದು ದಿನ ಹುಳು ಸೊಪ್ಪು ಬಿಟ್ಟು ತಲೆ ಎತ್ತುತ್ತದೆ, ಮೈ ಅರೆಪಾರದರ್ಶಕವಾಗುತ್ತದೆ. ಹಣ್ಣು ಹುಳು. ಇದುವರೆಗೆ ತಟ್ಟೆ ಬಿಟ್ಟು ಕದಲದಿದ್ದ ಪ್ರಾಣಿಗೆ ಈಗ ಒಂದೇ ಹುಚ್ಚು, ಮೇಲಕ್ಕೆ ಏರುವುದು. ಭೂಮಿಯ ಸೆಳೆತಕ್ಕೆ ಎದುರು ದಿಕ್ಕು ಯಾವುದೋ ಅದೇ ಅದರ ದಾರಿ. ಈ ಏರುವ ಹುಚ್ಚನ್ನೇ ಯಂತ್ರವಾಗಿಸಿದ್ದಾರೆ ಗೊತ್ತೆ? ದ್ವಿತಳಿ ಸಾಕುವವರ ಮನೆಯಲ್ಲಿ ತೂಗುಹಾಕಿರುವ ರೋಟರಿ ಚಂದ್ರಿಕೆ, ಅಂದರೆ ಹುಳು ಗೂಡು ಕಟ್ಟುವ ತಿರುಗು ಚೌಕಟ್ಟು, ನೋಡಿ. ಹುಳುಗಳು ಮೇಲೇರುತ್ತವೆ, ಮೇಲ್ಭಾಗ ಭಾರವಾಗುತ್ತದೆ, ಚೌಕಟ್ಟು ತಾನೇ ಮಗುಚುತ್ತದೆ. ಈಗ ಕೆಳಗಾದ ಹುಳುಗಳು ಮತ್ತೆ ಏರುತ್ತವೆ, ಮತ್ತೆ ಮಗುಚುತ್ತದೆ. ಹೀಗೆ ತಿರುಗಿ ತಿರುಗಿ ಒಂದೊಂದು ಖಾನೆಗೆ ಒಂದೊಂದು ಹುಳು ಹಂಚಿಹೋಗುತ್ತದೆ. ವಿದ್ಯುತ್ತಿಲ್ಲ, ಆಳಿಲ್ಲ, ಹುಟ್ಟುಗುಣವೇ ಮೋಟಾರು.

ಜಾಗ ಸಿಕ್ಕಿತೆಂದರೆ ನೂಲುವುದು ಶುರು. ತಲೆಯನ್ನು ಎಂಟರ ಆಕಾರದಲ್ಲಿ ಆಡಿಸುತ್ತ, ಎರಡು ಮೂರು ದಿನ ಬಿಡುವಿಲ್ಲದೆ, ಒಳ್ಳೆಯ ದ್ವಿತಳಿಯಾದರೆ ಒಂದು ಕಿಲೋಮೀಟರಿಗೂ ಉದ್ದದ ಒಂದೇ ಎಳೆ. ಗೂಡಿನ ಆಕಾರ ಅದಕ್ಕೆ ಗೊತ್ತಿದೆಯೇ? ಗೊತ್ತಿಲ್ಲ ಎನ್ನುವುದೇ ಇಲ್ಲಿನ ಬೆರಗು. ಮೂಲೆ, ಕಡ್ಡಿ, ಆಸರೆ ಯಾವುದೂ ಇಲ್ಲದ ಬರೀ ಸಮತಟ್ಟಿನ ಮೇಲೆ ಬಿಟ್ಟರೆ ರೇಷ್ಮೆ ಹುಳು ಗೂಡು ಕಟ್ಟುವುದಿಲ್ಲ, ಹಾಳೆ ಹಾಸುತ್ತದೆ! ಹಾರ್ವರ್ಡ್‌ನ ವ್ಯಾನ್ ಡರ್ ಕ್ಲೂಟ್ ಮತ್ತು ಕ್ಯಾರೊಲ್ ವಿಲಿಯಮ್ಸ್ 1953ರಲ್ಲಿ ಸಿಕ್ರೋಪಿಯಾ ಎಂಬ ಅಮೆರಿಕದ ಕಾಡು ರೇಷ್ಮೆ ಹುಳುವನ್ನು ಊದಿದ ರಬ್ಬರ್ ಬಲೂನಿನೊಳಗೆ ಬಿಟ್ಟರು. ಅದು ಬಲೂನಿನ ಒಳಗೋಡೆಗೆಲ್ಲ ರೇಷ್ಮೆಯ ಅಸ್ತರು ಹಾಕಿತು. ಗೂಡೆಂಬುದು ಹುಳುವಿನ ತಲೆಯೊಳಗಿನ ನಕ್ಷೆಯಲ್ಲ. ಚಾಚಿದಾಗ ತಲೆಗೆ ಏನು ತಗಲುತ್ತದೆ, ಬಾಗಿದಾಗ ಏನು ಸಿಗುತ್ತದೆ, ಅದರ ಮೇಲೆ ಪ್ರತಿ ಎಳೆಯೂ ನಿರ್ಧಾರವಾಗುತ್ತದೆ. ಹಳೆಯ ಬಿದಿರು ಚಂದ್ರಿಕೆಯ ಸುರುಳಿ ಪಟ್ಟಿಗಳನ್ನು ಹೆಣೆದ ಮೇದರ ಕೈಗೆ ಈ ಗುಟ್ಟು ತಿಳಿದಿತ್ತು: ಸರಿಯಾದ ಅಂತರದ ಮೂಲೆ ಕೊಡು, ಗೂಡು ತಾನಾಗಿ ಬರುತ್ತದೆ.

ಆದರೆ ನಾನು ಹೇಳಲು ತವಕಿಸುತ್ತಿರುವುದು ಪತಂಗದ ಕಥೆಯನ್ನು. ಗೂಡು ತೂತಾಗಿ ಹೊರಬಂದ ಪತಂಗಕ್ಕೆ ಊಟವಿಲ್ಲ, ಬಾಯಿಯೇ ಕೆಲಸ ಮಾಡದು. ಹಾರಾಟವಿಲ್ಲ. ಇರುವುದು ಒಂದು ವಾರದಷ್ಟು ಆಯಸ್ಸು, ಒಂದು ಕೆಲಸ. ಹೆಣ್ಣು ಕುಳಿತಲ್ಲೇ ಹೊಟ್ಟೆಯ ತುದಿಯಿಂದ ಹಳದಿ ಗ್ರಂಥಿಯನ್ನು ಉಬ್ಬಿಸಿ ಹೊರಚಾಚುತ್ತದೆ. ಅಷ್ಟೇ. ಅಲ್ಲಿಯವರೆಗೆ ಜಡವಾಗಿ ಬಿದ್ದಿದ್ದ ಗಂಡು ಸಟ್ಟನೆ ರೆಕ್ಕೆ ಬಡಿಯುತ್ತ ಎದ್ದು ನಡೆಯತೊಡಗುತ್ತದೆ.

ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿದ್ದ ವರ್ನನ್ ಕೆಲಾಗ್ 1907ರಲ್ಲಿ ಇದನ್ನು ನಿರ್ದಯವಾಗಿ ಪರೀಕ್ಷಿಸಿದರು. ಗಂಡಿನ ಕಣ್ಣಿಗೆ ಕಪ್ಪು ಬಳಿದರು. ಅದು ಹೆಣ್ಣನ್ನು ಹುಡುಕಿಕೊಂಡಿತು. ಕುಡಿಮೀಸೆ ಎರಡನ್ನೂ ತೆಗೆದರು. ಹೆಣ್ಣು ಪಕ್ಕದಲ್ಲೇ ಇದ್ದರೂ ಗಂಡಿಗೆ ತಿಳಿಯಲಿಲ್ಲ. ಎಡಗಡೆಯದನ್ನು ಮಾತ್ರ ತೆಗೆದಾಗ ಅದು ಬಲಕ್ಕೆ ಸುತ್ತುತ್ತ ಸುತ್ತುತ್ತಲೇ ಹೋಯಿತು. ಕೊನೆಗೆ ಗ್ರಂಥಿಯನ್ನು ಕತ್ತರಿಸಿ ಹೆಣ್ಣಿನ ಪಕ್ಕದಲ್ಲಿಟ್ಟರು. ಗಂಡು ಜೀವಂತ ಹೆಣ್ಣನ್ನು ದಾಟಿ ಆ ಚೂರಿನ ಬಳಿ ಹೋಗಿ ಕೂಡಲು ಒದ್ದಾಡಿತು! ಅದಕ್ಕೆ ಹೆಣ್ಣೆಂದರೆ ರೂಪವಲ್ಲ, ಮೈಯಲ್ಲ, ಬರೀ ಒಂದು ವಾಸನೆ. ಅದಕ್ಕೂ ಮುಂಚೆ, ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ, ಫ್ರಾನ್ಸಿನ ಹಳ್ಳಿಮನೆಯಲ್ಲಿ ಜೀನ್ ಹೆನ್ರಿ ಫಾಬ್ರ್ ಬಲೆಯ ಬುರುಡೆಯಡಿ ಇಟ್ಟ ಒಂದು ಹೆಣ್ಣು ನವಿಲು ಪತಂಗಕ್ಕಾಗಿ ಕೆಲವು ರಾತ್ರಿಗಳಲ್ಲಿ ಸುಮಾರು 150 ಗಂಡುಗಳು ಕತ್ತಲು ಸೀಳಿ ಬಂದಿದ್ದವು. ಗಾಳಿಯಾಡದಂತೆ ಮುಚ್ಚಿಟ್ಟಾಗ ಒಂದೂ ಬರಲಿಲ್ಲ.

ಆ ವಾಸನೆ ಯಾವುದು? ಜರ್ಮನಿಯ ಅಡಾಲ್ಫ್ ಬುಟೆನಾಂಟ್, ಮನುಷ್ಯರ ಲೈಂಗಿಕ ಹಾರ್ಮೋನುಗಳ ಕೆಲಸಕ್ಕೆ 1939ರ ನೊಬೆಲ್ ಗೆದ್ದವರು, ಇದರ ಬೆನ್ನು ಹತ್ತಿದರು. ಕಾಡು ಪತಂಗ ಸಾವಿರಗಟ್ಟಲೆ ಎಲ್ಲಿ ಸಿಗಬೇಕು? ರೇಷ್ಮೆ ಪತಂಗವಾದರೆ ಲಕ್ಷಗಟ್ಟಲೆ ಸಿಗುತ್ತದೆ. ನಡುವೆ ಯುದ್ಧ ಬಂತು, ಪ್ರಯೋಗಾಲಯ ಊರು ಬದಲಿಸಿತು, ಕೆಲಸ ನಿಲ್ಲಲಿಲ್ಲ. ಸುಮಾರು ಇಪ್ಪತ್ತು ವರ್ಷ, ಸುಮಾರು ಐದು ಲಕ್ಷ ಹೆಣ್ಣು ಪತಂಗಗಳ ಗ್ರಂಥಿ. ಪ್ರತಿ ಹಂತದಲ್ಲೂ ಬೇರ್ಪಡಿಸಿದ ದ್ರವವನ್ನು ಗಾಜಿನ ಕಡ್ಡಿಗೆ ಹಚ್ಚಿ ಗಂಡಿನ ಮುಂದೆ ಹಿಡಿಯುವುದು. ರೆಕ್ಕೆ ಬಡಿದರೆ ದಾರಿ ಸರಿ, ಬಡಿಯದಿದ್ದರೆ ದಾರಿ ತಪ್ಪು. ಆಗ ಲಭ್ಯವಿದ್ದ ಯಾವ ಉಪಕರಣಕ್ಕಿಂತಲೂ ಸೂಕ್ಷ್ಮವಾದ ಅಳತೆಗೋಲು ಆ ಗಂಡು ಪತಂಗವೇ. 1959ರಲ್ಲಿ ಉತ್ತರ ಪ್ರಕಟವಾಯಿತು. ಹದಿನಾರು ಇಂಗಾಲದ ಸರಪಳಿಯ ಒಂದು ಆಲ್ಕೊಹಾಲ್, ಎರಡು ಜೋಡಿಬಂಧ. ಹೆಸರು ಬಾಂಬಿಕೋಲ್. ಪ್ರಪಂಚದಲ್ಲಿ ಮನುಷ್ಯ ಗುರುತಿಸಿದ ಮೊತ್ತಮೊದಲ ಫೆರೋಮೋನ್, ಅಂದರೆ ತನ್ನ ಜಾತಿಗೆ ಸುದ್ದಿ ಮುಟ್ಟಿಸುವ ಅಣು. ಫೆರೋಮೋನ್ ಎಂಬ ಹೆಸರು ಹುಟ್ಟಿದ್ದೂ ಅದೇ ವರ್ಷ. ಆ ಎರಡು ಬಂಧಗಳ ತಿರುವನ್ನು ಬದಲಿಸಿದರೆ ನಾಲ್ಕು ರೂಪದ ಅಣು ಮಾಡಬಹುದು. ನಾಲ್ಕನ್ನೂ ಮಾಡಿ ನೋಡಿದರು. ಗಂಡು ಪ್ರಾಣ ಬಿಟ್ಟು ಓಡುವುದು ಒಂದಕ್ಕೇ!

ಡೀಟ್ರಿಚ್ ಶ್ನೈಡರ್ 1950ರ ದಶಕದಲ್ಲೇ ಕುಡಿಮೀಸೆಗೆ ತಂತಿ ಜೋಡಿಸಿ ಅದರ ವಿದ್ಯುತ್ ಮಿಡಿತ ಅಳೆಯುವ ವಿಧಾನ ಕಂಡುಹಿಡಿದಿದ್ದರು. ಅವರ ಬಳಗದ ಕಾರ್ಲ್-ಅರ್ನ್‌ಸ್ಟ್ ಕೈಸ್ಲಿಂಗ್ ಮತ್ತು ಅರ್ನ್‌ಸ್ಟ್ ಪ್ರೀಸ್ನರ್ 1970ರಲ್ಲಿ ಹೇಳಿದ್ದನ್ನು ಕೇಳಿ. ಗಂಡಿನ ಒಂದೊಂದು ಕುಡಿಮೀಸೆಯಲ್ಲೂ ಈ ವಾಸನೆಗೆಂದೇ ಮೀಸಲಾದ ಸುಮಾರು 17,000 ಸೂಕ್ಷ್ಮ ಕೂದಲು. ಒಂದು ಕೂದಲಿನ ನರಕೋಶ ಮಿಡಿಯಲು ಬಾಂಬಿಕೋಲಿನ ಒಂದೇ ಅಣು ಸಾಕು. ಒಂದು! ಅದಕ್ಕಿಂತ ಚಿಕ್ಕ ಪ್ರಚೋದನೆ ರಸಾಯನ ಜಗತ್ತಿನಲ್ಲಿ ಇರಲಾರದು. ಸೆಕೆಂಡಿಗೆ ಇಂಥ ಸುಮಾರು 200 ಮಿಡಿತ ಒಟ್ಟುಗೂಡಿದರೆ ಗಂಡು ರೆಕ್ಕೆ ಬಡಿಯುತ್ತದೆ.

ಹಾರದ ಪ್ರಾಣಿ ರೆಕ್ಕೆ ಯಾಕೆ ಬಡಿಯಬೇಕು? ಬಿತ್ತನೆ ಕೋಠಿಯಲ್ಲಿ ಗಂಡುಗಳನ್ನು ಬಿಟ್ಟಾಗ ಏಳುವ ಆ ಪಟಪಟ ಸದ್ದು ಹಾರಾಟದ ಹಳೆಯ ಅಭ್ಯಾಸದ ಪಳೆಯುಳಿಕೆ ಎಂದೇ ಬಹಳ ಮಂದಿ ತಿಳಿದಿದ್ದಾರೆ. ಅಲ್ಲ. ಆ ರೆಕ್ಕೆಗಳು ಮುಂದಿನ ಗಾಳಿಯನ್ನು ಕುಡಿಮೀಸೆಯತ್ತ ಎಳೆದುಕೊಳ್ಳುತ್ತವೆ. ಜಪಾನಿನ ಒಬಾರಾ 1979ರಲ್ಲಿ ರೆಕ್ಕೆ ಕತ್ತರಿಸಿ ನೋಡಿದರು, ಗಂಡಿಗೆ ಹೆಣ್ಣಿರುವ ದಿಕ್ಕೇ ಹತ್ತಲಿಲ್ಲ. ಗಾಳಿಯಲ್ಲಿ ಹೋಗಲಾಗದ್ದು ಗಾಳಿಯನ್ನೇ ತನ್ನತ್ತ ಕರೆಸಿಕೊಳ್ಳುತ್ತದೆ! ಇನ್ನು ಅದರ ನಡಿಗೆ. ವಾಸನೆಯ ಒಂದು ತುಣುಕು ತಗಲಿದೊಡನೆ ನೇರ ಮುನ್ನುಗ್ಗು. ಆಮೇಲೆ ಅಂಕುಡೊಂಕು, ತಿರುವು ದೊಡ್ಡದಾಗುತ್ತ ದೊಡ್ಡದಾಗುತ್ತ ಕೊನೆಗೆ ಪೂರ್ತಿ ಸುತ್ತು. ನಡುವೆ ಇನ್ನೊಂದು ತುಣುಕು ತಗಲಿದರೆ ಎಲ್ಲ ಬಿಟ್ಟು ಮತ್ತೆ ಮೊದಲಿನಿಂದ, ನೇರ ಮುನ್ನುಗ್ಗು. ಗಾಳಿಯಲ್ಲಿ ವಾಸನೆ ಹರಿದ ಚೂರುಗಳಾಗಿ ಬರುವುದರಿಂದ ಇದಕ್ಕಿಂತ ಜಾಣ ಹುಡುಕಾಟ ಇನ್ನೊಂದಿರಲಾರದು. ಮೊದಲು ಹೇಳಿದ ಕಂಜಾಕಿ ತಂಡದ ಗಾಡಿಯನ್ನು ಗುರಿ ಮುಟ್ಟಿಸಿದ್ದು ಇದೇ ನಡಿಗೆ.

ಉಸಿರು ಬಿಗಿಹಿಡಿಯಿರಿ, ಇನ್ನೂ ಇದೆ. ಬಾಂಬಿಕೋಲನ್ನು ಹಿಡಿಯುವ ಗ್ರಾಹಕದ ಜೀನನ್ನು 2004ರಲ್ಲಿ ಗುರುತಿಸಿದ ತಕೇಶಿ ಸಕುರಾಯಿ ಮತ್ತು ಸಂಗಡಿಗರು 2011ರಲ್ಲಿ ಒಂದು ಕಿಡಿಗೇಡಿ ಪ್ರಯೋಗ ಮಾಡಿದರು. ನಮ್ಮ ಎಲೆಕೋಸು ಬೆಳೆಗಾರರ ನಿದ್ದೆಗೆಡಿಸುವ ವಜ್ರಬೆನ್ನಿನ ಪತಂಗ ಗೊತ್ತಲ್ಲ? ಅದರ ಗಂಡಿನಲ್ಲಿ ತನ್ನ ಜಾತಿಯ ಹೆಣ್ಣಿನ ವಾಸನೆ ಹಿಡಿಯುವ ಗ್ರಾಹಕದ ಜೀನನ್ನು ತೆಗೆದು, ರೇಷ್ಮೆ ಪತಂಗದ ಬಾಂಬಿಕೋಲ್ ನರಕೋಶಗಳಲ್ಲಿ ಕೂರಿಸಿದರು. ಮಿದುಳನ್ನು ಮುಟ್ಟಲಿಲ್ಲ, ಬೇರೆ ಏನನ್ನೂ ಬದಲಿಸಲಿಲ್ಲ. ಆ ರೇಷ್ಮೆ ಗಂಡು ಎಲೆಕೋಸಿನ ಪೀಡೆಯ ಪುಟಾಣಿ ಹೆಣ್ಣಿನ ವಾಸನೆಗೆ ರೆಕ್ಕೆ ಬಡಿದು ಅದರ ಬೆನ್ನು ಹತ್ತಿತು! ಕೋಟ್ಯಂತರ ವರ್ಷದ ಜಾತಿಭೇದ ಒಂದು ಪ್ರೋಟೀನಿನ ಆಕಾರದಲ್ಲಿತ್ತು. 2013ರಲ್ಲಿ ಅದೇ ನರಕೋಶಗಳಿಗೆ ಬೆಳಕಿಗೆ ಮಿಡಿಯುವ ಪ್ರೋಟೀನನ್ನು ಸೇರಿಸಿದರು. ನೀಲಿ ಬೆಳಕು ಹಾಯಿಸಿದರೆ ಸಾಕು, ವಾಸನೆಯೇ ಇಲ್ಲದ ಕೋಣೆಯಲ್ಲಿ ಗಂಡು ಹೆಣ್ಣನ್ನು ಹುಡುಕತೊಡಗಿತು.

ಹಾಗಾದರೆ ಕೀಟವೆಂದರೆ ಗುಂಡಿ ಒತ್ತಿದರೆ ಓಡುವ ಯಂತ್ರವೇ? ಲೋಬ್ ಹೌದೆನ್ನುತ್ತಿದ್ದ. ನಾನು ಒಪ್ಪಲಾರೆ. ಗಾಡಿ ಪಕ್ಕಕ್ಕೆ ಎಳೆದಾಗ ಪತಂಗ ಕ್ಷಣಕ್ಷಣವೂ ತನ್ನ ದಾರಿ ತಿದ್ದಿಕೊಂಡಿದ್ದನ್ನು ನೆನೆಯಿರಿ. ಅಂಥ ಗಾಡಿ ಅದರ ವಂಶ ಎಂದೂ ಕಂಡದ್ದಲ್ಲ. ಇನ್ನೊಂದು ಕಾರಣವೂ ಇದೆ. ಬಾಂಬಿಕೋಲ್ ಹಿಡಿಯುವ ಕೂದಲೊಳಗೇ ಪಕ್ಕದಲ್ಲಿ ಇನ್ನೊಂದು ನರಕೋಶವಿದೆ. ಅದು ಬಾಂಬಿಕ್ಯಾಲ್ ಎಂಬ ಸೋದರ ಅಣುವಿಗೆ ಮಿಡಿಯುತ್ತದೆ, ಗಂಡಿನ ಉತ್ಸಾಹವನ್ನು ತಗ್ಗಿಸುತ್ತದೆ. ಅಂದರೆ ಹುಟ್ಟಿನಿಂದ ಬಂದದ್ದರಲ್ಲೂ ಹೂಂ ಮತ್ತು ಊಹೂಂಗಳ ತೂಗಾಟವಿದೆ. ಬರೆದಿಟ್ಟದ್ದು ಗುರಿ ಮತ್ತು ನಿಯಮ, ದಾರಿಯನ್ನು ಅದು ನಡೆಯುತ್ತಲೇ ಕಂಡುಕೊಳ್ಳಬೇಕು.

ಇದನ್ನೆಲ್ಲ ಓದಿ ಬಿಡಬೇಡಿ, ಮಾಡಿ ನೋಡಿ. ಪರಿಚಯದ ರೇಷ್ಮೆ ಬೆಳೆಗಾರರಿಂದ ಹತ್ತಾರು ಹಸಿ ಗೂಡು ಕೇಳಿ ತಂದು ತೂತು ಮಾಡಿದ ರಟ್ಟಿನ ಪೆಟ್ಟಿಗೆಯಲ್ಲಿಡಿ. ಕೆಲವೇ ದಿನಗಳಲ್ಲಿ ಒಂದು ಬೆಳಗ್ಗೆ ಪತಂಗಗಳು ಹೊರಬರುತ್ತವೆ. ದಪ್ಪ ಹೊಟ್ಟೆಯದು ಹೆಣ್ಣು, ತೆಳ್ಳಗೆ ಚುರುಕಾಗಿರುವುದು ಗಂಡು. ಕೂಡಲೇ ಬೇರೆ ಬೇರೆ ಕೋಣೆಯಲ್ಲಿಡಿ. ಹೆಣ್ಣನ್ನು ಗಾಜಿನ ಬಾಟಲಿಯಲ್ಲಿ ಹಾಕಿ ಬಿಗಿಯಾಗಿ ಮುಚ್ಚಳ ಮುಚ್ಚಿ ಗಂಡಿನ ಎದುರಿಗಿಡಿ, ಏನಾಗುತ್ತದೆ ನೋಡಿ. ಆಮೇಲೆ ಅದೇ ಹೆಣ್ಣು ಒಂದು ಗಂಟೆ ಕುಳಿತಿದ್ದ ಕಾಗದದ ಚೂರನ್ನಷ್ಟೇ ಇಡಿ. ಮಕ್ಕಳು ಪಕ್ಕದಲ್ಲಿರಲಿ, ಮೊದಲು ಅವರೇ ಊಹಿಸಿ ಹೇಳಲಿ. ಗೂಡು ತರಲು ಹುಳು ಮನೆಗೆ ಹೋದರೆ ಚಪ್ಪಲಿ ಹೊರಗೆ ಬಿಟ್ಟು, ಬ್ಲೀಚಿಂಗ್ ಪುಡಿ ಬೆರೆಸಿದ ನೀರಿನಲ್ಲಿ ಕೈಕಾಲು ತೊಳೆದೇ ಒಳಗೆ ಹೋಗಿ. ಸೊಳ್ಳೆಬತ್ತಿ ಉರಿಯುವ ಕೋಣೆಯಲ್ಲಿ ಮಾತ್ರ ಈ ಪ್ರಯೋಗ ಬೇಡ. ಆ ಹೊಗೆ ಹುಳುವಿಗೂ ಪತಂಗಕ್ಕೂ ವಿಷ.